ಕೇಳದಿದ್ದರೆ 14, ಕೇಳಿದರೆ 58: ಖಿನ್ನತೆಯ ಗುಳಿಗೆಯ ಬಗ್ಗೆ ಬಾಯಿಬಿಡದ ಮಾತು

ಖಿನ್ನತೆಗೆ ಕೊಡುವ ಗುಳಿಗೆ ಗಂಡಸುತನವನ್ನೇ ಕಿತ್ತುಕೊಳ್ಳುತ್ತದೆ ಎಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತದೆ. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: ಅದೆಲ್ಲ ಸುಳ್ಳು, ಡಾಕ್ಟರು ಕೊಟ್ಟಿದ್ದನ್ನು ಸುಮ್ನೆ ನುಂಗಿ. ಯುರೋಪಿನಲ್ಲಿ ಎಚ್ಚರಿಕೆ ಕೊಟ್ಟಿದ್ದಾರೆ, ಅಮೆರಿಕದಲ್ಲಿ ಕೋರ್ಟಿಗೆ ಹೋಗಿದ್ದಾರೆ ಎಂಬ ತುಣುಕುಗಳೂ ಜೊತೆಗೆ ಸೇರುತ್ತವೆ. ಶಿರಸಿಯಲ್ಲೋ ಕುಮಟಾದಲ್ಲೋ ಕೂತು, ದಿನಾ ರಾತ್ರಿ ಊಟ ಆದ ಮೇಲೆ ಅಂಥದ್ದೇ ಒಂದು ಗುಳಿಗೆ ತೆಗೆದುಕೊಳ್ಳುವವರು ಇದನ್ನೆಲ್ಲ ಓದಿ ಏನು ಮಾಡಬೇಕು? ಯಾರನ್ನಾದರೂ ಕೇಳೋಣ ಅಂದರೆ ವಿಷಯವೇ ಕೇಳುವಂಥದ್ದಲ್ಲ. ಕಡೆಗೆ ಎಷ್ಟೋ ಜನ ಯಾರಿಗೂ ಹೇಳದೆ ಗುಳಿಗೆ ಬಿಟ್ಟುಬಿಡುತ್ತಾರೆ.

ಮೊದಲ ಸುದ್ದಿಯಲ್ಲಿ ನಿಜ ಇದೆ, ಆದರೆ ಅಳತೆ ತಪ್ಪಿದೆ. ಎರಡನೆಯದರಲ್ಲಿ ಕಾಳಜಿ ಇದೆ, ಆದರೆ ಅದು ನಿಜವಲ್ಲ. ಎರಡನ್ನೂ ಬಿಡಿಸಿ ನೋಡಬೇಕು.

ಸುದ್ದಿ ಹುಟ್ಟಿದ್ದು ಎಲ್ಲಿ

2019ರ ಜೂನ್‌ನಲ್ಲಿ ಯುರೋಪಿಯನ್ ಮೆಡಿಸಿನ್ಸ್ ಏಜೆನ್ಸಿಯ ಸುರಕ್ಷತಾ ಸಮಿತಿ ಒಂದು ಶಿಫಾರಸು ಮಾಡಿತು. ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಮತ್ತು ಎಸ್‌ಎನ್‌ಆರ್‌ಐ ಎಂಬ ಎರಡು ಗುಂಪಿನ ಗುಳಿಗೆಗಳ ಜೊತೆ ಬರುವ ಮಾಹಿತಿ ಚೀಟಿಯಲ್ಲಿ ಹೊಸ ಮಾತು ಸೇರಬೇಕು ಎಂದಿತು. ಈ ಗುಳಿಗೆಗಳಿಂದ ಲೈಂಗಿಕ ತೊಂದರೆ ಆಗಬಹುದು, ಕೆಲವರಲ್ಲಿ ಗುಳಿಗೆ ನಿಲ್ಲಿಸಿದ ಮೇಲೂ ಆ ತೊಂದರೆ ಬಹುಕಾಲ ಉಳಿದ ವರದಿಗಳಿವೆ ಎಂಬ ಮಾತು. 2021ರಲ್ಲಿ ಕೆನಡಾ ಕೂಡ ಇದೇ ದಾರಿ ಹಿಡಿಯಿತು. ಅಮೆರಿಕದಲ್ಲಿ ಇಂಥ ಎಚ್ಚರಿಕೆ ಹಾಕಿ ಎಂದು 2018ರಲ್ಲೇ ಔಷಧ ನಿಯಂತ್ರಣ ಸಂಸ್ಥೆಗೆ ಅರ್ಜಿ ಹೋಗಿತ್ತು. ಅದಕ್ಕೆ ಉತ್ತರವನ್ನೇ ಕೊಟ್ಟಿಲ್ಲ ಎಂದು 2024ರಲ್ಲಿ ಆ ಸಂಸ್ಥೆಯ ಮೇಲೆ ದಾವೆ ಹೂಡಲಾಯಿತು. ಮೊಬೈಲಿನಲ್ಲಿ ಬರುವ "ಕೋರ್ಟ್ ಕೇಸು" ಇದೇ.

ಇಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆ. ಒಂದು, ಗುಳಿಗೆ ತೆಗೆದುಕೊಳ್ಳುತ್ತಿರುವಾಗ ಆಗುವ ತೊಂದರೆ. ಅದು ತೀರಾ ಸಾಮಾನ್ಯ, ವೈದ್ಯರಿಗೆಲ್ಲ ಗೊತ್ತಿರುವುದು. ಇನ್ನೊಂದು, ಗುಳಿಗೆ ಬಿಟ್ಟ ಮೇಲೂ ಉಳಿಯುವ ತೊಂದರೆ. ಅದು ಅಪರೂಪ, ಆದರೆ ಬಂದವರಿಗೆ ಬಹಳ ಕಷ್ಟ. ಸುದ್ದಿ ಬರೆಯುವವರು ಮೊದಲನೆಯದರ ದೊಡ್ಡ ಸಂಖ್ಯೆಯನ್ನು ತಂದು ಎರಡನೆಯದರ ಭಯಕ್ಕೆ ಅಂಟಿಸುತ್ತಾರೆ. ಆಗ ಗುಳಿಗೆ ನುಂಗಿದ ಅರ್ಧಕ್ಕರ್ಧ ಜನರ ಸಂಸಾರ ಶಾಶ್ವತವಾಗಿ ಹಾಳಾಯಿತು ಎಂಬ ಅರ್ಥ ಬರುತ್ತದೆ. ಗೊಂದಲ ಶುರುವಾಗುವುದೇ ಇಲ್ಲಿಂದ.

ಮನಸ್ಸಿನ ಗುಳಿಗೆ ಮೈಯನ್ನು ಮುಟ್ಟುವುದು ಹೇಗೆ

ಫ್ಲುಯೊಕ್ಸೆಟಿನ್, ಸೆರ್ಟ್ರಾಲಿನ್, ಪ್ಯಾರೊಕ್ಸೆಟಿನ್, ಎಸಿಟಾಲೊಪ್ರಾಮ್ ಇವು ಎಸ್‌ಎಸ್‌ಆರ್‌ಐ ಗುಂಪಿನವು. ವೆನ್ಲಾಫ್ಯಾಕ್ಸಿನ್, ಡುಲೊಕ್ಸೆಟಿನ್ ಇನ್ನೊಂದು ಗುಂಪಿನವು. ಒಂದು ನರಕೋಶ ಇನ್ನೊಂದಕ್ಕೆ ಸಂದೇಶ ಕಳಿಸುವಾಗ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಹೊರಬಿಡುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ವಾಪಸ್ ಹೀರಿಕೊಳ್ಳುತ್ತದೆ. ಈ ಹೀರಿಕೊಳ್ಳುವ ದಾರಿಯನ್ನು ಗುಳಿಗೆ ಮುಚ್ಚುತ್ತದೆ. ಆಗ ಸೆರೊಟೋನಿನ್ ನರಕೋಶಗಳ ನಡುವೆ ಜಾಸ್ತಿ ಹೊತ್ತು ನಿಲ್ಲುತ್ತದೆ.

ಅಘನಾಶಿನಿ ನದಿಯ ದಂಡೆಯಲ್ಲಿ ಉಬ್ಬರದ ನೀರು ಒಳಬರುವ ಗಜನಿ ಗದ್ದೆಗಳನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಡ್ಡಿನ ಬಾಗಿಲು ಹಾಕಿದರೆ ನೀರು ನಮಗೆ ಬೇಕಾದ ಮೂಲೆಯಲ್ಲಿ ಮಾತ್ರ ನಿಲ್ಲುವುದಿಲ್ಲ, ಇಡೀ ಗದ್ದೆಯಲ್ಲಿ ನಿಲ್ಲುತ್ತದೆ. ಸೆರೊಟೋನಿನ್ ಕೂಡ ಹಾಗೆಯೇ. ಅದು ಮಿದುಳಿನಲ್ಲಿ ಮಾತ್ರ ಇಲ್ಲ, ಬೆನ್ನುಹುರಿಯಲ್ಲಿದೆ, ಕರುಳಿನಲ್ಲಂತೂ ಬಹುಪಾಲು ಅಲ್ಲೇ ಇದೆ. ಅದಕ್ಕೇ ಗುಳಿಗೆ ಶುರುಮಾಡಿದ ಮೊದಲ ದಿನಗಳಲ್ಲಿ ಹೊಟ್ಟೆ ತೊಳಸುತ್ತದೆ. ಮಿದುಳಿನ ಕೆಲವು ಭಾಗಗಳಲ್ಲಿ ಸೆರೊಟೋನಿನ್ ಜಾಸ್ತಿಯಾದರೆ ಡೋಪಮಿನ್ ಎಂಬ ಇನ್ನೊಂದು ರಾಸಾಯನಿಕ ತಗ್ಗುತ್ತದೆ. ಆಸೆ, ಹುರುಪು, ಬೇಕು ಎನ್ನುವ ತುಡಿತ ಇವಕ್ಕೆ ಡೋಪಮಿನ್ ಬೇಕು. ಬೆನ್ನುಹುರಿಯ ಮಟ್ಟದಲ್ಲಿ ಸೆರೊಟೋನಿನ್ ಸ್ಖಲನವನ್ನು ತಡೆದು ಹಿಡಿಯುತ್ತದೆ.

ಇದರ ಫಲ ಬೇರೆಬೇರೆಯವರಲ್ಲಿ ಬೇರೆಬೇರೆ ರೀತಿ ಕಾಣುತ್ತದೆ. ಕೆಲವರಿಗೆ ಆಸೆಯೇ ಕುಗ್ಗುತ್ತದೆ. ಕೆಲವು ಗಂಡಸರಿಗೆ ನಿಮಿರುವಿಕೆ ಸರಿಯಾಗಿ ಆಗುವುದಿಲ್ಲ. ಬಹಳ ಜನರಿಗೆ ಆಗುವುದು ತಡ. ಗಂಡಸರಲ್ಲಿ ಸ್ಖಲನ ತಡವಾಗುತ್ತದೆ, ಇಲ್ಲವೇ ಆಗುವುದೇ ಇಲ್ಲ. ಹೆಂಗಸರಿಗೆ ಸುಖದ ತುದಿ ಮುಟ್ಟಲು ಆಗುವುದಿಲ್ಲ, ಒಣಗಿದಂತಾಗಿ ನೋವಾಗುತ್ತದೆ. ಇನ್ನು ಕೆಲವರಿಗೆ ಆ ಭಾಗವೇ ಜೋಮು ಹಿಡಿದಂತೆ, ಮುಟ್ಟಿದ್ದು ಸರಿಯಾಗಿ ತಿಳಿಯದಂತೆ ಆಗುತ್ತದೆ.

ಈ ಪರಿಣಾಮ ಎಷ್ಟು ಖಚಿತ ಎಂದರೆ ವೈದ್ಯರು ಅದನ್ನೇ ಔಷಧಿಯಾಗಿಯೂ ಬಳಸುತ್ತಾರೆ. ಶೀಘ್ರಸ್ಖಲನಕ್ಕೆ ಕೊಡುವ ಡಪೊಕ್ಸೆಟಿನ್ ಕೂಡ ಎಸ್‌ಎಸ್‌ಆರ್‌ಐ ಗುಂಪಿನದೇ, ಬೇಗ ಕೆಲಸಮಾಡಿ ಬೇಗ ಮೈಯಿಂದ ಹೊರಹೋಗುವ ಗುಳಿಗೆ ಅಷ್ಟೆ. ಹಾಗಿರುವಾಗ "ಈ ಗುಳಿಗೆಗೂ ಅದಕ್ಕೂ ಸಂಬಂಧವೇ ಇಲ್ಲ" ಎಂದು ರೋಗಿಗೆ ಹೇಳಿ ಕಳಿಸುವುದು ತಪ್ಪು.

ಇನ್ನೊಂದು ಮುಖ್ಯ ವಿಷಯ ಸಮಯದ್ದು. ಮನಸ್ಸು ಹಗುರಾಗಲು ಎರಡರಿಂದ ಆರು ವಾರ ಬೇಕು. ಅಡ್ಡಪರಿಣಾಮ ಮಾತ್ರ ಕೆಲವೇ ದಿನಗಳಲ್ಲಿ ಶುರುವಾಗುತ್ತದೆ. ಅಂದರೆ ರೋಗಿ ಮೊದಲು ನಷ್ಟ ಕಾಣುತ್ತಾನೆ, ಲಾಭ ಆಮೇಲೆ. ಮೊದಲೇ ಹೇಳಿರದಿದ್ದರೆ ಅವನು ನಷ್ಟ ಕಂಡ ವಾರದಲ್ಲೇ ಗುಳಿಗೆ ಬಿಡುತ್ತಾನೆ. ಲಾಭ ಅವನ ಕೈಗೆ ಸಿಗುವುದೇ ಇಲ್ಲ.

14 ಮತ್ತು 58

ಫ್ಲುಯೊಕ್ಸೆಟಿನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1987ರ ಡಿಸೆಂಬರ್‌ನಲ್ಲಿ. ಆ ಕಾಲದ ಪ್ರಯೋಗಗಳಲ್ಲಿ ಲೈಂಗಿಕ ತೊಂದರೆ ಕಂಡದ್ದು ಬಹಳ ಕಡಿಮೆ ಜನರಲ್ಲಿ. ಕಾರಣ ಸರಳ. ಯಾರೂ ನೇರವಾಗಿ ಕೇಳಿರಲಿಲ್ಲ. ರೋಗಿ ತಾನಾಗಿ ಹೇಳಿದ್ದನ್ನು ಮಾತ್ರ ಬರೆದುಕೊಂಡಿದ್ದರು.

1997ರಲ್ಲಿ ಸ್ಪೇನ್‌ನ ವೈದ್ಯರ ಒಂದು ಗುಂಪು ಈ ಗುಳಿಗೆ ತೆಗೆದುಕೊಳ್ಳುವ 344 ಜನರ ಅಧ್ಯಯನ ಪ್ರಕಟಿಸಿತು. ರೋಗಿಗಳು ತಾವಾಗಿ ಹೇಳಿಕೊಂಡಾಗ ತೊಂದರೆ ಇದ್ದವರು ಶೇ 14. ವೈದ್ಯರೇ ನೇರವಾಗಿ ಕೇಳಿದಾಗ ಶೇ 58. ಗುಳಿಗೆ ಅದೇ, ರೋಗಿಗಳೂ ಅವರೇ. ಬದಲಾದದ್ದು ಕೇಳಿದ ರೀತಿ ಮಾತ್ರ. 2001ರಲ್ಲಿ ಅಲ್ಲಿಯವರೇ ಸಾವಿರಕ್ಕೂ ಹೆಚ್ಚು ಜನರನ್ನು ಕೇಳಿದಾಗಲೂ ಉತ್ತರ ಶೇ 59ರ ಹತ್ತಿರವೇ ಬಂತು.

ಈ ಇಡೀ ವಿವಾದದಲ್ಲಿ ಬೇರೆ ಯಾವ ಸಂಖ್ಯೆ ಮರೆತರೂ ಈ ಎರಡನ್ನು ನೆನಪಿಡಬೇಕು. ನೂರರಲ್ಲಿ 44 ಜನ ತೊಂದರೆ ಇಟ್ಟುಕೊಂಡೂ ಬಾಯಿಬಿಟ್ಟಿರಲಿಲ್ಲ. ಅದು ಸ್ಪೇನ್. ನಮ್ಮಲ್ಲಿ ಗಂಡ ಹೆಂಡತಿಯೇ ಈ ವಿಷಯ ಮಾತಾಡುವುದಕ್ಕೆ ಹಿಂಜರಿಯುತ್ತಾರೆ, ಅಲ್ವಾ? ಹೊರಗೆ ಮೂವತ್ತು ಜನ ಕಾಯುತ್ತಿರುವಾಗ, ಪಕ್ಕದಲ್ಲಿ ಅತ್ತೆಯೋ ಮಾವನೋ ಕೂತಿರುವಾಗ, ಯಾರು ತಾನಾಗಿ ಹೇಳುತ್ತಾರೆ?

ಹೆಂಗಸರ ಪಾಡು ಇನ್ನೂ ಕಷ್ಟ. ಹಳ್ಳಿಯಿಂದ ಬರುವ ಹೆಂಗಸು ಖಿನ್ನತೆ ಎಂದು ಹೇಳಿಕೊಂಡು ಬರುವುದು ಕಡಿಮೆ. ತಲೆನೋವು, ಸುಸ್ತು, ಎದೆ ಹೊಡೆದುಕೊಳ್ಳುವುದು, ನಿದ್ದೆ ಇಲ್ಲ ಎಂದು ಬರುತ್ತಾಳೆ. ಜೊತೆಗೆ ಗಂಡ ಇರುತ್ತಾನೆ, ಮಾತಾಡುವವನೂ ಅವನೇ. ಗುಳಿಗೆಯಿಂದ ಆಸೆ ಕುಗ್ಗಿದರೆ ಮನೆಯಲ್ಲಿ ಅದಕ್ಕೆ ಬೇರೆಯೇ ಹೆಸರು ಸಿಗುತ್ತದೆ. ಇವಳಿಗೆ ನನ್ನ ಮೇಲೆ ಮನಸ್ಸಿಲ್ಲ ಎಂದು ಗಂಡ ತಿಳಿಯುತ್ತಾನೆ. ವಯಸ್ಸಾಯಿತು ಎಂದು ಅವಳೇ ಸಮಾಧಾನ ಮಾಡಿಕೊಳ್ಳುತ್ತಾಳೆ. ಗುಳಿಗೆಯ ಕಡೆಗೆ ಯಾರ ಬೆರಳೂ ಹೋಗುವುದಿಲ್ಲ. ಗಂಡಸರ ತೊಂದರೆಗೆ ಗೋಡೆಗೋಡೆಯ ಮೇಲೆ ಜಾಹೀರಾತು ಇರುವ ನಾಡಿನಲ್ಲಿ ಹೆಂಗಸರ ತೊಂದರೆಗೆ ಒಂದು ಹೆಸರೂ ಇಲ್ಲ.

ಕಾಯಿಲೆಯದೋ, ಗುಳಿಗೆಯದೋ

ವೈದ್ಯರಲ್ಲಿ ಕೆಲವರು ಒಂದು ಎದುರು ಮಾತು ಹೇಳುತ್ತಾರೆ. ಖಿನ್ನತೆಯಲ್ಲೇ ಆಸೆ ಸಾಯುತ್ತದೆ, ಅದನ್ನು ಗುಳಿಗೆಯ ತಲೆಗೆ ಕಟ್ಟುವುದು ಸರಿಯಲ್ಲ ಎಂದು. ಈ ಮಾತಿಗೆ ತೂಕವಿದೆ. ಊಟ ಬೇಡ, ಮಾತು ಬೇಡ ಎಂದು ಕೂತವರಿಗೆ ಸಂಗ ಬೇಕೆನಿಸುವುದಿಲ್ಲ. ಗುಳಿಗೆ ಕೆಲಸಮಾಡಿ ಮನಸ್ಸು ತಿಳಿಯಾದ ಮೇಲೆ ಆಸೆ ಮರಳಿ ಬಂದವರೂ ಇದ್ದಾರೆ. ಸಕ್ಕರೆ ಕಾಯಿಲೆ, ಬಿಪಿಯ ಕೆಲವು ಗುಳಿಗೆಗಳು, ಥೈರಾಯ್ಡ್, ಕುಡಿತ ಇವೂ ಇದೇ ತೊಂದರೆ ಕೊಡುತ್ತವೆ. ನಲವತ್ತೈದು ದಾಟಿದ ಹಲವರಿಗೆ ಇವುಗಳಲ್ಲಿ ಒಂದೆರಡು ಜೊತೆಗಿರುತ್ತವೆ.

ಹಾಗಾದರೆ ಬೇರೆ ಮಾಡಿ ತಿಳಿಯುವುದು ಹೇಗೆ? ದೊಡ್ಡ ಪರೀಕ್ಷೆ ಬೇಕಿಲ್ಲ. ಗುಳಿಗೆ ಶುರುಮಾಡುವ ಮೊದಲು ಹೇಗಿತ್ತು, ಶುರುಮಾಡಿದ ಮೇಲೆ ಹೇಗಾಯಿತು ಎಂದು ಕೇಳಬೇಕು. ಮನಸ್ಸು ಸುಧಾರಿಸುತ್ತಿದ್ದರೂ ಆ ವಿಷಯ ಹದಗೆಡುತ್ತಿದ್ದರೆ ಗುಳಿಗೆಯ ಮೇಲೆ ಅನುಮಾನ. ಮೊದಲು ಇಲ್ಲದ ಜೋಮು ಬಂದಿದ್ದರೆ ಅನುಮಾನ ಇನ್ನೂ ಗಟ್ಟಿ, ಏಕೆಂದರೆ ಜನನಾಂಗದ ಜೋಮು ಖಿನ್ನತೆಯ ಲಕ್ಷಣವಲ್ಲ. ಆದರೆ ಈ ಹೋಲಿಕೆ ಮಾಡಲು ಮೊದಲ ಭೇಟಿಯಲ್ಲೇ ಕೇಳಿ ಬರೆದಿಟ್ಟಿರಬೇಕು. ಅದು ಇಲ್ಲದಿದ್ದರೆ ಆರು ತಿಂಗಳ ನಂತರ ರೋಗಿ ಒಂದು ಹೇಳುತ್ತಾನೆ, ವೈದ್ಯರು ಇನ್ನೊಂದು ಹೇಳುತ್ತಾರೆ, ತೀರ್ಮಾನ ಆಗುವುದಿಲ್ಲ.

ಬಿಟ್ಟ ಮೇಲೂ ಉಳಿದರೆ

ಹೆಚ್ಚಿನವರಲ್ಲಿ ಗುಳಿಗೆ ನಿಲ್ಲಿಸಿದ ಮೇಲೆ ಎಲ್ಲ ಮೊದಲಿನಂತಾಗುತ್ತದೆ. ಕೆಲವರಲ್ಲಿ ಆಗುವುದಿಲ್ಲ. ಇದನ್ನು ಪಿಎಸ್‌ಎಸ್‌ಡಿ, ಅಂದರೆ ಎಸ್‌ಎಸ್‌ಆರ್‌ಐ ಬಿಟ್ಟ ಮೇಲಿನ ಲೈಂಗಿಕ ತೊಂದರೆ, ಎಂದು ಕರೆಯುತ್ತಾರೆ. ವೈದ್ಯಕೀಯ ಪತ್ರಿಕೆಗಳಲ್ಲಿ ಇದರ ವಿವರಗಳು ಬರತೊಡಗಿದ್ದು 2006ರ ಸುಮಾರಿಗೆ. 2011ರಲ್ಲಿ ಅಮೆರಿಕದ ಪ್ರೊಜ್ಯಾಕ್ (ಫ್ಲುಯೊಕ್ಸೆಟಿನ್‌ನ ಕಂಪನಿ ಹೆಸರು) ಮಾಹಿತಿ ಚೀಟಿಯಲ್ಲಿ, ನಿಲ್ಲಿಸಿದ ಮೇಲೂ ತೊಂದರೆ ಕೆಲವೊಮ್ಮೆ ಉಳಿಯುತ್ತದೆ ಎಂಬ ಸಾಲು ಸೇರಿತು. 2013ರಲ್ಲಿ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 ಕೂಡ ಅದನ್ನು ಒಪ್ಪಿತು. ಆದರೂ ತೊಂದರೆ ಹೇಳಿಕೊಂಡು ಹೋದವರಿಗೆ ಬಹಳ ವರ್ಷ ಸಿಕ್ಕ ಉತ್ತರ ಒಂದೇ: ನಿಮ್ಮ ಖಿನ್ನತೆ ಇನ್ನೂ ಹೋಗಿಲ್ಲ. ಅದಕ್ಕೆ ಔಷಧಿ ಏನು? ಅದೇ ಗುಳಿಗೆ. ಈ ಜನರ ಸಿಟ್ಟು ಎಲ್ಲಿಂದ ಬಂತು ಎಂದು ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ.

2022ರಲ್ಲಿ ಸಂಶೋಧಕರ ಒಂದು ಗುಂಪು ಇದನ್ನು ಗುರುತಿಸುವ ಅಳತೆಗೋಲು ಪ್ರಕಟಿಸಿತು. ಗುಳಿಗೆ ನಿಲ್ಲಿಸಿ ಕನಿಷ್ಠ ಮೂರು ತಿಂಗಳಾಗಿರಬೇಕು, ಜನನಾಂಗದ ಸ್ಪರ್ಶದಲ್ಲಿ ಬದಲಾವಣೆ ಉಳಿದಿರಬೇಕು, ಬೇರೆ ಕಾರಣ ಇರಬಾರದು. 2023ರಲ್ಲಿ ಇಸ್ರೇಲಿನ ಆರೋಗ್ಯ ದಾಖಲೆಗಳನ್ನು ನೋಡಿದ ಒಂದು ಅಧ್ಯಯನ, ಈ ಗುಳಿಗೆ ತೆಗೆದುಕೊಂಡ ಐವತ್ತರೊಳಗಿನ ಗಂಡಸರಲ್ಲಿ ಸುಮಾರು 216ಕ್ಕೆ ಒಬ್ಬರಿಗೆ ನಿಮಿರುವಿಕೆಯ ತೊಂದರೆ ಉಳಿಯಿತು ಎಂದು ಅಂದಾಜು ಮಾಡಿತು. ಅಂದರೆ ಶೇ 0.5ಕ್ಕಿಂತಲೂ ಕಡಿಮೆ. ಆ ಲೆಕ್ಕದಲ್ಲಿ ಹೆಂಗಸರಿಲ್ಲ, ಜೋಮಿನ ತೊಂದರೆ ಇರುವವರಿಲ್ಲ ಎಂಬುದನ್ನೂ ಗಮನಿಸಬೇಕು. ಅಂದಾಜು ಒರಟು, ಆದರೆ ಮೊಬೈಲಿನ ಸುದ್ದಿಗಿಂತ ಸಾವಿರ ಪಾಲು ಮೇಲು.

ಇಲ್ಲಿ ಎರಡು ಪಕ್ಷಗಳಿವೆ. ಎಚ್ಚರಿಕೆಯನ್ನು ದೊಡ್ಡದಾಗಿ ಬರೆದರೆ ಜನ ಹೆದರಿ ಚಿಕಿತ್ಸೆಯನ್ನೇ ಬಿಡುತ್ತಾರೆ ಎಂಬುದು ಒಂದು ಪಕ್ಷದ ವಾದ. ಅವರು 2004ರ ಉದಾಹರಣೆ ಕೊಡುತ್ತಾರೆ. ಈ ಗುಳಿಗೆಗಳಿಂದ ಮಕ್ಕಳು ಮತ್ತು ಹದಿಹರೆಯದವರಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದು ಎಂದು ಆ ವರ್ಷ ಅಮೆರಿಕದಲ್ಲಿ ಕಪ್ಪು ಚೌಕಟ್ಟಿನ, ಅಂದರೆ ಅತಿ ಗಂಭೀರ ಅಪಾಯಕ್ಕೆ ಹಾಕುವ, ಎಚ್ಚರಿಕೆ ಬಂತು. ಆಮೇಲೆ ಎಳೆಯರಿಗೆ ಗುಳಿಗೆ ಬರೆಯುವುದೂ ಖಿನ್ನತೆ ಗುರುತಿಸುವುದೂ ಎರಡೂ ಕಡಿಮೆಯಾದವು. ನಮ್ಮಲ್ಲಿ ಈ ಭಯಕ್ಕೆ ಇನ್ನೂ ಜಾಸ್ತಿ ಆಧಾರವಿದೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಖಿನ್ನತೆ ಇರುವ ನೂರರಲ್ಲಿ 85 ಜನರಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ.

ಇನ್ನೊಂದು ಪಕ್ಷ ಹೇಳುವುದು, ಅಪಾಯ ಎಷ್ಟೇ ಚಿಕ್ಕದಾಗಿರಲಿ, ಅದು ನನ್ನ ಮೈಯದು, ತೀರ್ಮಾನ ನನ್ನದು. ಗೊತ್ತಿದ್ದರೆ ನಾನು ಬೇರೆ ಗುಳಿಗೆ ಕೇಳುತ್ತಿದ್ದೆ, ಜೋಮು ಶುರುವಾದ ವಾರವೇ ವಾಪಸ್ ಬರುತ್ತಿದ್ದೆ ಎಂದು.

ಎರಡನೇ ಪಕ್ಷದ ಮಾತೇ ಸರಿ ಎನ್ನಲು ಕಾರಣ ಆ 14 ಮತ್ತು 58ರಲ್ಲೇ ಇದೆ. ಹೇಳದೆ ಇದ್ದರೆ ರೋಗಿಗೆ ತಿಳಿಯುವುದಿಲ್ಲ ಎಂದುಕೊಳ್ಳುವುದೇ ತಪ್ಪು. ಮೈಯಲ್ಲಿ ಆಗುತ್ತಿರುವುದು ಅವನಿಗೆ ಗೊತ್ತೇ ಇರುತ್ತದೆ. ಅದು ಅಡ್ಡಪರಿಣಾಮ, ಅದಕ್ಕೆ ದಾರಿ ಇದೆ ಎಂಬುದು ಮಾತ್ರ ಗೊತ್ತಿರುವುದಿಲ್ಲ. ಆಗ ಅವನು ಚಿಕಿತ್ಸೆಯನ್ನೂ ಬಿಡುತ್ತಾನೆ, ವೈದ್ಯರ ಮೇಲಿನ ನಂಬಿಕೆಯನ್ನೂ ಬಿಡುತ್ತಾನೆ.

ಈ ಜಗಳದ ನಡುವೆ ಗುಳಿಗೆಯೇ ಸುಳ್ಳು ಎಂಬ ಮೂರನೇ ಧ್ವನಿಯೂ ಇದೆ. ಸೆರೊಟೋನಿನ್ ಕೊರತೆಯಿಂದ ಖಿನ್ನತೆ ಬರುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ ಎಂದು 2022ರಲ್ಲಿ ಲಂಡನ್ನಿನ ಮನೋವೈದ್ಯೆ ಜೊವಾನ್ನಾ ಮಾನ್‌ಕ್ರೀಫ್ ಮತ್ತು ಜೊತೆಗಾರರು ಬರೆದ ಮೇಲೆ ಅದು ಜೋರಾಯಿತು. ಕಾಯಿಲೆಯ ಕಾರಣದ ವಿವರಣೆ ತಪ್ಪಿದ್ದರೂ ಔಷಧಿ ಕೆಲಸಮಾಡಬಹುದು, ಅವು ಬೇರೆ ಪ್ರಶ್ನೆಗಳು. 2018ರಲ್ಲಿ 522 ಪ್ರಯೋಗಗಳನ್ನು ಒಟ್ಟಿಗೆ ನೋಡಿದ ಅಧ್ಯಯನದಲ್ಲಿ 21 ಖಿನ್ನತೆ ಔಷಧಿಗಳೂ ಬರೀ ಸಕ್ಕರೆ ಗುಳಿಗೆಗಿಂತ ಮೇಲು ಎಂದು ಕಂಡುಬಂದಿದೆ. ಸರಾಸರಿ ಲಾಭ ಭಾರೀ ದೊಡ್ಡದಲ್ಲ. ತೀವ್ರ ಖಿನ್ನತೆಯಲ್ಲಿ ಮಾತ್ರ ಅದು ಬದುಕು ಸಾವಿನ ವ್ಯತ್ಯಾಸವಾಗಬಹುದು.

ಘಟ್ಟದ ಮೇಲೆ, ಘಟ್ಟದ ಕೆಳಗೆ

ಇದೇ ಗುಳಿಗೆ ಬೆಂಗಳೂರಿನಲ್ಲಿ ತೆಗೆದುಕೊಳ್ಳುವುದಕ್ಕೂ ಉತ್ತರ ಕನ್ನಡದಲ್ಲಿ ತೆಗೆದುಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಗುಳಿಗೆಯ ಗುಣ ಬದಲಾಗುವುದಿಲ್ಲ. ವೈದ್ಯರಿಗೂ ರೋಗಿಗೂ ಇರುವ ದೂರ ಬದಲಾಗುತ್ತದೆ.

ಭಟ್ಕಳದಿಂದ ಕಾರವಾರಕ್ಕೆ ನೂರು ಕಿಲೋಮೀಟರಿಗೂ ಜಾಸ್ತಿ. ಮುಂಡಗೋಡದವರಿಗೆ ಜಿಲ್ಲಾ ಕೇಂದ್ರಕ್ಕಿಂತ ಹುಬ್ಬಳ್ಳಿ ಹತ್ತಿರ. ಕಾರವಾರದವರು ಗೋವಾಕ್ಕೆ, ಹೊನ್ನಾವರ ಭಟ್ಕಳದವರು ಮಣಿಪಾಲ ಮಂಗಳೂರಿಗೆ, ಘಟ್ಟದ ಮೇಲಿನವರು ಹುಬ್ಬಳ್ಳಿಗೆ, ಮಾನಸಿಕ ತೊಂದರೆಗಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗುವುದು ರೂಢಿ. ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕು ಎಂಬ ಕೂಗು ಎಷ್ಟು ಹಳೆಯದು ಎಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಮೊದಲ ಭೇಟಿಗೆ ಹೇಗೋ ಒಂದು ದಿನ ಕೆಲಸ ಬಿಟ್ಟು ಹೋಗುತ್ತಾರೆ. ಒಂದು ತಿಂಗಳ ನಂತರ ಬನ್ನಿ ಅಂದಾಗ ಅಡಿಕೆ ಕೊಯ್ಲು ನಡೆಯುತ್ತಿರುತ್ತದೆ, ಇಲ್ಲವೇ ಮಳೆ ಹಿಡಿದಿರುತ್ತದೆ. ಚೀಟಿ ತಂದು ಊರಿನ ಮೆಡಿಕಲ್‌ನಲ್ಲಿ ತೋರಿಸಿ ಅದೇ ಗುಳಿಗೆ ಮತ್ತೆ ತೆಗೆದುಕೊಳ್ಳುತ್ತಾರೆ. ಹೀಗೆ ವರ್ಷಗಟ್ಟಲೆ ನಡೆಯುತ್ತದೆ. ಅಡ್ಡಪರಿಣಾಮ ಕೇಳಬೇಕಾದ ಮರುಭೇಟಿಯೇ ಆಗುವುದಿಲ್ಲ.

ಎಷ್ಟೋ ಜನರಿಗೆ ತಾವು ಖಿನ್ನತೆಯ ಔಷಧಿ ತೆಗೆದುಕೊಳ್ಳುತ್ತಿರುವುದೇ ತಿಳಿದಿರುವುದಿಲ್ಲ. ನಮ್ಮ ದೇಶದಲ್ಲಿ ಎಸಿಟಾಲೊಪ್ರಾಮ್ ಮತ್ತು ಕ್ಲೊನಾಜೆಪಾಮ್ ಎರಡೂ ಸೇರಿಸಿ ಮಾಡಿದ ಒಂದೇ ಗುಳಿಗೆ ಧಾರಾಳವಾಗಿ ಮಾರಾಟವಾಗುತ್ತದೆ. ಜನರ ಬಾಯಲ್ಲಿ ಅದು ನಿದ್ದೆ ಗುಳಿಗೆ, ಟೆನ್ಷನ್ ಗುಳಿಗೆ, ನರದ ಗುಳಿಗೆ. ಇದರಲ್ಲಿ ಮೊದಲನೆಯದು ಎಸ್‌ಎಸ್‌ಆರ್‌ಐ. ಎರಡನೆಯದು ನಿದ್ದೆ ತರುತ್ತದೆ, ಬಹಳ ದಿನ ತೆಗೆದುಕೊಂಡರೆ ಚಟವಾಗುತ್ತದೆ. ನಿದ್ದೆಗೆಂದು ನುಂಗುವವನಿಗೆ ಹಾಸಿಗೆಯಲ್ಲಾದ ತೊಂದರೆಗೂ ಆ ಗುಳಿಗೆಗೂ ಸಂಬಂಧ ಕಲ್ಪಿಸಲು ದಾರಿಯೇ ಇಲ್ಲ.

ಇನ್ನು ಧಾತು ಭಯ. ವೀರ್ಯ ಹೋದರೆ ಶಕ್ತಿ ಹೋಗುತ್ತದೆ ಎಂಬ ನಂಬಿಕೆಯಿಂದ ಹುಟ್ಟುವ ಈ ಕಳವಳಕ್ಕೆ 1960ರಲ್ಲಿ ಮನೋವೈದ್ಯ ಎನ್.ಎನ್. ವಿಗ್ 'ಧಾತ್ ಸಿಂಡ್ರೋಮ್' ಎಂದು ಹೆಸರಿಟ್ಟರು. ಹುಡುಗರು ಸುಸ್ತು, ಮೈಕೈ ನೋವು, ಗಾಬರಿ ಎಂದು ಬರುತ್ತಾರೆ. ಗಾಬರಿಗೆ ಕೆಲವೊಮ್ಮೆ ಇದೇ ಗುಂಪಿನ ಗುಳಿಗೆ ಕೊಡುತ್ತಾರೆ. ಮೊದಲೇ ಹೇಳದಿದ್ದರೆ ಏನಾಗುತ್ತದೆ ನೋಡಿ. ಗಂಡಸುತನ ಹೋಗುತ್ತಿದೆ ಎಂದು ಹೆದರಿದ ಹುಡುಗನಿಗೆ ಗುಳಿಗೆಯಿಂದ ನಿಜವಾಗಿಯೂ ವ್ಯತ್ಯಾಸ ಕಾಣುತ್ತದೆ. ಭಯ ಎರಡು ಪಟ್ಟಾಗುತ್ತದೆ. ಅಲ್ಲಿಂದ ಅವನು ಹೋಗುವುದು ಬಸ್ ಸ್ಟ್ಯಾಂಡಿನ ಗೋಡೆಯ ಮೇಲಿನ 'ಗುಪ್ತರೋಗ' ಜಾಹೀರಾತಿನ ಅಳಲೆಕಾಯಿ ಪಂಡಿತನ ಹತ್ತಿರ, ಸಾವಿರಗಟ್ಟಲೆ ಹಣ ಕೊಟ್ಟು ಏನಿದೆಯೆಂದೇ ತಿಳಿಯದ ಪುಡಿ ತರುವುದಕ್ಕೆ. ಮದುವೆ ಗೊತ್ತಾದವರ ಆತಂಕವೂ ಹೀಗೇ. ಹೆಣ್ಣು ಸಿಗುವುದೇ ಕಷ್ಟವಾಗಿರುವ ಘಟ್ಟದ ಮೇಲಿನ ಮನೆಗಳಲ್ಲಿ, ಕಡೆಗೂ ನಿಶ್ಚಿತಾರ್ಥವಾದ ಹುಡುಗ ಮದುವೆಗೆ ಹದಿನೈದು ದಿನ ಇರುವಾಗ ಯಾರಿಗೂ ಹೇಳದೆ ಗುಳಿಗೆ ನಿಲ್ಲಿಸಿದರೆ ಅದಕ್ಕಿಂತ ಕೆಟ್ಟ ಹೊತ್ತು ಇನ್ನೊಂದಿಲ್ಲ.

ಒಮ್ಮೆಲೇ ಬಿಟ್ಟರೆ

ಗುಳಿಗೆ ಫಕ್ಕನೆ ನಿಂತರೆ ತಲೆ ಸುತ್ತುವುದು, ವಾಕರಿಕೆ, ಸಿಡಿಮಿಡಿ, ಕೆಟ್ಟ ಕನಸು, ತಲೆಯೊಳಗೆ ಕರೆಂಟು ಹೊಡೆದಂಥ ಜುಮ್ಮು ಬರಬಹುದು. 2024ರ ಒಂದು ದೊಡ್ಡ ವಿಶ್ಲೇಷಣೆಯ ಪ್ರಕಾರ ನಿಲ್ಲಿಸಿದ ಆರೇಳು ಜನರಲ್ಲಿ ಒಬ್ಬರಿಗೆ ಗುಳಿಗೆ ಬಿಟ್ಟ ಕಾರಣಕ್ಕೇ ಇಂಥ ಲಕ್ಷಣ ಕಾಣುತ್ತದೆ. ಪ್ಯಾರೊಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ಬೇಗ ಮೈಯಿಂದ ಖಾಲಿಯಾಗುವುದರಿಂದ ಅವುಗಳಲ್ಲಿ ಇದು ಜಾಸ್ತಿ. ಫ್ಲುಯೊಕ್ಸೆಟಿನ್ ವಾರಗಟ್ಟಲೆ ಉಳಿಯುವುದರಿಂದ ಕಡಿಮೆ.

ಬೇಕೆಂದು ಬಿಡುವವರು ಮಾತ್ರವಲ್ಲ, ಬಿಡುವಂತಾಗುವವರೂ ಇದ್ದಾರೆ. ಆಳ ಸಮುದ್ರದ ಬೋಟಿಗೆ ಹೋದವರು ವಾರ ಹತ್ತು ದಿನ ದಡಕ್ಕೆ ಬರುವುದಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿಹೋಗಿತ್ತು. ಮಳೆಗಾಲದಲ್ಲಿ ಘಟ್ಟದ ರಸ್ತೆ ಯಾವಾಗ ಕಟ್ಟಿಕೊಳ್ಳುತ್ತದೆ ಎಂದು ಹೇಳಲಾಗದ ಜಿಲ್ಲೆಯಲ್ಲಿ ಹದಿನೈದು ದಿನದ ಗುಳಿಗೆ ಮೊದಲೇ ತಂದಿಟ್ಟುಕೊಳ್ಳುವುದು ಒಳ್ಳೆಯದು.

ಹಳೆಯ ಕಾಯಿಲೆ ಮರಳುವ ಪ್ರಶ್ನೆಯೂ ಇದೆ. ಬಹಳ ದಿನದಿಂದ ಗುಳಿಗೆಯಲ್ಲಿದ್ದು ಗುಣವಾಗಿದ್ದ 478 ಜನರ ಮೇಲೆ ಬ್ರಿಟನ್ನಿನಲ್ಲಿ ನಡೆದ ಪ್ರಯೋಗ 2021ರಲ್ಲಿ ಪ್ರಕಟವಾಯಿತು. ಒಂದು ವರ್ಷದಲ್ಲಿ ಗುಳಿಗೆ ಮುಂದುವರಿಸಿದವರಲ್ಲಿ ಶೇ 39 ಜನರಿಗೆ ಖಿನ್ನತೆ ಮರಳಿತು, ನಿಧಾನವಾಗಿ ಬಿಟ್ಟವರಲ್ಲಿ ಶೇ 56 ಜನರಿಗೆ. ಬಿಡಲೇಬಾರದು ಎಂದು ಇದರ ಅರ್ಥವಲ್ಲ, ಬಿಟ್ಟವರಲ್ಲಿ ಶೇ 44 ಜನ ಚೆನ್ನಾಗಿಯೇ ಇದ್ದರು. ವೈದ್ಯರ ಕಣ್ಣಳತೆಯಲ್ಲಿ, ವಾರಗಳೋ ತಿಂಗಳುಗಳೋ ಹಿಡಿದು ಪ್ರಮಾಣ ಇಳಿಸುತ್ತಾ ಬಿಡಬೇಕು ಎಂದರ್ಥ.

ದಾರಿಗಳು ಇವೆ

ತೊಂದರೆ ಹೇಳಿಕೊಂಡರೆ ವೈದ್ಯರ ಕೈಯಲ್ಲಿ ಮಾಡುವುದಕ್ಕೆ ಸಾಕಷ್ಟಿದೆ. ಪ್ರಮಾಣ ತಗ್ಗಿಸಬಹುದು. ಬೇರೆ ಗುಳಿಗೆಗೆ ಬದಲಿಸಬಹುದು: ಬುಪ್ರೊಪಿಯಾನ್, ಮಿರ್ಟಾಜಪಿನ್, ಅಗೊಮೆಲಾಟಿನ್, ವೊರ್ಟಿಯೊಕ್ಸೆಟಿನ್ ಇವುಗಳಲ್ಲಿ ಈ ತೊಂದರೆ ಕಡಿಮೆ. ಪ್ರತಿಯೊಂದಕ್ಕೂ ಅದರದೇ ಬೆಲೆ ಇದೆ. ಮಿರ್ಟಾಜಪಿನ್‌ನಿಂದ ತೂಕ ಏರುತ್ತದೆ, ನಿದ್ದೆ ಜಾಸ್ತಿ. ಬುಪ್ರೊಪಿಯಾನ್ ಮೂರ್ಛೆ ರೋಗ ಇದ್ದವರಿಗೆ ಆಗದು. ನಿಮಿರುವಿಕೆಯ ತೊಂದರೆಗೆ ಸಿಲ್ಡೆನಾಫಿಲ್ ಸೇರಿಸುತ್ತಾರೆ, ಆದರೆ ಎದೆನೋವಿಗೆ ನೈಟ್ರೇಟ್ ಗುಳಿಗೆ ತೆಗೆದುಕೊಳ್ಳುವವರು ಅದನ್ನು ಮುಟ್ಟಿದರೆ ಜೀವಕ್ಕೇ ಅಪಾಯ. ಅಂಗಡಿಯಲ್ಲಿ ಕೇಳಿ ತರುವ ಗುಳಿಗೆ ಅದಲ್ಲ. ಸೌಮ್ಯ ಖಿನ್ನತೆಗೆ ಗುಳಿಗೆ ಇಲ್ಲದೆ ಮಾತಿನ ಚಿಕಿತ್ಸೆಯೂ ಕೆಲಸಮಾಡುತ್ತದೆ. ಅದನ್ನು ಕೊಡಬಲ್ಲವರು ತಾಲ್ಲೂಕು ಮಟ್ಟದಲ್ಲಿ ವಿರಳ.

ಬಿಟ್ಟ ಮೇಲೂ ಉಳಿದ ತೊಂದರೆಗೆ ಮಾತ್ರ ಪಕ್ಕಾ ಚಿಕಿತ್ಸೆ ಇಲ್ಲ. ಅದಕ್ಕೇ ಜೋಮು ಶುರುವಾದ ಕೂಡಲೇ ಹೇಳುವುದು ಮುಖ್ಯ.

ಹೇಳುವುದು ಯಾರ ಕೆಲಸ

ಈ ಪ್ರಶ್ನೆಗೆ ಕಾನೂನು ಉತ್ತರ ಕೊಟ್ಟಿದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಚಿಕಿತ್ಸೆ ಏನು, ಅದರ ಗೊತ್ತಿರುವ ಅಡ್ಡಪರಿಣಾಮ ಏನು ಎಂದು ತಿಳಿಯುವುದು ರೋಗಿಯ ಹಕ್ಕು. 23ನೇ ಸೆಕ್ಷನ್ ಪ್ರಕಾರ ವೈದ್ಯರ ಹತ್ತಿರ ಹೇಳಿದ್ದು ಗುಟ್ಟಾಗಿಯೇ ಇರಬೇಕು. ಅಂದರೆ ರೋಗಿ ನಾಚಿಕೆ ಬಿಟ್ಟು ಕೇಳಲಿ ಎಂದು ಕಾಯುವಂತಿಲ್ಲ. ಮೊದಲ ಮಾತು ವೈದ್ಯರದ್ದೇ ಆಗಬೇಕು. ಜೊತೆಗೆ ಬಂದವರನ್ನು ಎರಡು ನಿಮಿಷ ಹೊರಗೆ ಕೂರಿಸಿ, "ಈ ಗುಳಿಗೆಯಿಂದ ಸಂಸಾರದ ವಿಷಯದಲ್ಲಿ ಕೆಲವರಿಗೆ ವ್ಯತ್ಯಾಸ ಆಗುತ್ತದೆ, ನಿಮಗೂ ಹಾಗಾದರೆ ಬಂದು ಹೇಳಿ, ಬದಲಿಸೋಣ" ಎಂದರೆ ಸಾಕು.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶಕ್ಕೆಲ್ಲ ಹಬ್ಬಿದ್ದು ನಮ್ಮದೇ ಬಳ್ಳಾರಿಯ ಮಾದರಿಯಿಂದ. ಮನೋಚೈತನ್ಯದ ಹೆಸರಿನಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ನೋಡುವ ವ್ಯವಸ್ಥೆಯನ್ನೂ ಕರ್ನಾಟಕವೇ ಮಾಡಿತು. ದೂರ ಹೋಗಲಾಗದವರಿಗೆ 14416 ಇದೆ, ಟೆಲಿಮಾನಸ್, 2022ರ ಅಕ್ಟೋಬರ್‌ನಿಂದ. ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಯಾವಾಗಲಾದರೂ. ಮುಖ ಕಾಣದ ಕಡೆ ಈ ವಿಷಯ ಹೇಳುವುದು ಎಷ್ಟೋ ಜನರಿಗೆ ಸುಲಭ. ಗುಳಿಗೆ ಬಿಡಬೇಕು ಅನಿಸಿದ ರಾತ್ರಿ, ಬಿಡುವ ಮೊದಲು ಈ ನಂಬರಿಗೆ ಒಂದು ಕರೆ ಮಾಡಬಹುದು.

ಒಂದು ಫಾರಂ

ಯುರೋಪಿನ 2019ರ ಎಚ್ಚರಿಕೆಯ ಹಿಂದೆ ರೋಗಿಗಳೂ ವೈದ್ಯರೂ ಬರೆದು ಕಳಿಸಿದ ವರದಿಗಳಿದ್ದವು. ಒಂದೊಂದೇ ವರದಿ ಸೇರಿ, ಬಿಟ್ಟ ಮೇಲೂ ತೊಂದರೆ ಉಳಿಯುತ್ತದೆ ಎಂಬುದು ಕಣ್ಣಿಗೆ ಬಿತ್ತು. ನಮ್ಮಲ್ಲೂ ಅಂಥ ವ್ಯವಸ್ಥೆ 2010ರಿಂದ ಇದೆ. ಔಷಧಿಯ ಅಡ್ಡಪರಿಣಾಮ ದಾಖಲಿಸುವ ಆ ರಾಷ್ಟ್ರೀಯ ಕಾರ್ಯಕ್ರಮದ ಉಚಿತ ದೂರವಾಣಿ 1800-180-3024. ವೈದ್ಯರೇ ಆಗಬೇಕಿಲ್ಲ, ಗುಳಿಗೆ ತೆಗೆದುಕೊಂಡವರೇ ತುಂಬುವ ಫಾರಂ ಬೇರೆ ಇದೆ, ಕನ್ನಡದಲ್ಲೂ ಇದೆ. ಗುಳಿಗೆಯ ಹೆಸರು, ಯಾವಾಗ ಶುರುಮಾಡಿದ್ದು, ಯಾವಾಗ ನಿಲ್ಲಿಸಿದ್ದು, ಏನಾಯಿತು ಎಂದು ಬರೆದರೆ ಆಯಿತು. ಹೊನ್ನಾವರದಿಂದಲೋ ಯಲ್ಲಾಪುರದಿಂದಲೋ ಅಂಥ ಒಂದು ಫಾರಂ ಹೋದರೆ ತಾವಾಗಿ ಬಾಯಿಬಿಟ್ಟ ಆ 14ರ ಪಟ್ಟಿಗೆ ಇನ್ನೊಬ್ಬರು ಸೇರುತ್ತಾರೆ.